ಕಾಡುಬಾತು ಮತ್ತು ನಮ್ಮವರ ಮೂಗು

ಕಾಡುಬಾತುಗಳಲ್ಲಿ ತಿನ್ನಲು ಯಾವುದು ಚೆನ್ನ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಎಲ್ಲಕ್ಕಿಂತ ಮೇಲು ಸೂಜಿಬಾಲದ ಪಿನ್‌ಟೇಲ್. ಅದೂ ಭತ್ತದ ಗದ್ದೆಯಲ್ಲಿ ಮೇದು ಕೊಬ್ಬಿದ್ದಾದರೆ ಕೇಳುವುದೇ ಬೇಡ. ಟೀಲ್ ಪುಟ್ಟ ಹಕ್ಕಿ, ಬೇಗ ಬೇಯುತ್ತದೆ, ಮಾಂಸ ಮೃದು, ಆದರೆ ಒಂದು ಹಕ್ಕಿ ಒಬ್ಬರ ತಟ್ಟೆಗೂ ಸಾಲದು. ಮಲಾರ್ಡ್‌ಗೆ ಹೆಸರು ದೊಡ್ಡದು, ಮೈಯೂ ದೊಡ್ಡದು, ಕುಕ್ಕರಿನಲ್ಲಿ ಮಾತ್ರ ಸೀಟಿ ಮೇಲೆ ಸೀಟಿ ಕೂಗಿಸಬೇಕು. ಗ್ಯಾಡ್‌ವಾಲ್ ತಿಂದರೆ ಕೆರೆಯ ಜೊಂಡಿನ ಹಸಿರು ವಾಸನೆ. ಅಗಲ ಕೊಕ್ಕಿನ ಶವೆಲರ್‌ಗೆ ಕೆಸರಿನ ವಾಸನೆ. ಬೇಟೆಗಾರರೇ ಅದನ್ನು ಕಂಡು ಮುಖ ಸಿಂಡರಿಸುತ್ತಾರೆ. ಬಂದೂಕು ಮುಟ್ಟದ ನನಗೆ ಇಷ್ಟೆಲ್ಲ ಪಾಂಡಿತ್ಯ ಬಂದದ್ದು ನಮ್ಮವರ ಮೂಗಿನಿಂದ.

ನಮ್ಮ ಮನೆ ಹ್ಯೂಸ್ಟನ್ನಿನ ಪಶ್ಚಿಮದ ಅಂಚಿನಲ್ಲಿತ್ತು. ಅಲ್ಲಿಂದ ಸ್ವಲ್ಪ ದೂರ ಹೋದರೆ ಭತ್ತದ ಗದ್ದೆಗಳು. ಕೊಯ್ಲಾದ ಮೇಲೆ ಗದ್ದೆಗೆ ನೀರು ನಿಲ್ಲಿಸಿದರೆ ಚಳಿಗಾಲಕ್ಕೆ ಬಾತುಗಳು ಬಂದು ಇಳಿಯುತ್ತವೆ. ನನ್ನ ಮೈದುನ ಆಸ್ಟಿನ್ನಿನಲ್ಲಿದ್ದ, ಅಲ್ಲಿಯ ಡೊಮೇನ್ ಎಂಬ ಬಡಾವಣೆಯ ಹತ್ತಿರ ಅವನ ಆಫೀಸು. ಅಲ್ಲಿಯ ಗೆಳೆಯರ ಜೊತೆ ಸೇರಿ ಬೇಟೆಯ ಹುಚ್ಚು ಹತ್ತಿಸಿಕೊಂಡಿದ್ದ. ಆದರೆ ಅವನ ಹೆಂಡತಿ ಶುದ್ಧ ಸಸ್ಯಾಹಾರಿ, ಹೊಡೆದ ಹಕ್ಕಿಯನ್ನು ಹೊಸಿಲು ದಾಟಿಸುವವಳಲ್ಲ. ಹಾಗಾಗಿ ಗದ್ದೆಯಿಂದ ನೇರ ನಮ್ಮ ಮನೆಗೇ ಬರುತ್ತಿದ್ದ, ಕೈಯಲ್ಲಿ ಐಸ್ ಪೆಟ್ಟಿಗೆ, ಬೂಟಿನ ತುಂಬ ಕೆಸರು.

"ಅತ್ತಿಗೆ, ಸ್ಪೆಷಲ್ ಡೆಲಿವರಿ!"

"ಬೂಟು ಆಚೆ ಬಿಚ್ಚಪ್ಪಾ ಮಹಾರಾಯ, ನಿನ್ನೆ ತಾನೆ ನೆಲ ಒರೆಸಿದ್ದೀನಿ!"

ಪ್ರತಿ ಹಕ್ಕಿಗೂ ಒಂದು ರೆಕ್ಕೆ ಹಾಗೇ ಅಂಟಿಕೊಂಡಿರುತ್ತಿತ್ತು. ಯಾವ ಜಾತಿಯ ಬಾತು ಎಂದು ದಾರಿಯಲ್ಲಿ ಅಧಿಕಾರಿಗಳು ಕೇಳಿದರೆ ತೋರಿಸಬೇಕಂತೆ, ಮನೆ ಮುಟ್ಟುವ ತನಕ ಕೀಳುವ ಹಾಗಿಲ್ಲ. ಹಿತ್ತಲಲ್ಲಿ ಕೂತು ಆ ರೆಕ್ಕೆ ಕತ್ತರಿಸಿ, ಉಳಿದ ತುಪ್ಪಳವನ್ನು ಉರಿಯಲ್ಲಿ ಸುಟ್ಟು, ಅರಿಸಿನ ಹಚ್ಚಿ ತೊಳೆದು, ಮಾಂಸದೊಳಗೆ ಹೊಕ್ಕಿದ್ದ ಮೆಣಸಿನ ಕಾಳಿನಷ್ಟು ಗುಂಡುಗಳನ್ನು ಬೆರಳಲ್ಲಿ ತಡಕಿ ತೆಗೆಯುವ ಹೊತ್ತಿಗೆ ನನ್ನ ಸೊಂಟ ಬಿದ್ದು ಹೋಗಿರುತ್ತಿತ್ತು. ಆಮೇಲೆ ಸಾರು, ಮುದ್ದೆ. ಆಮೇಲೆ ನಮ್ಮವರ ತೀರ್ಪು.

ನಮ್ಮವರು ಕಣ್ಣು ಮುಚ್ಚಿಕೊಂಡು ತುತ್ತು ನುಂಗಿ, ರೆಕ್ಕೆ ನೋಡದೆಯೇ ಇದು ಇಂಥ ಬಾತು, ಇಂಥದ್ದನ್ನು ತಿಂದು ಬೆಳೆದಿದೆ ಎನ್ನುತ್ತಿದ್ದರು. ತಪ್ಪಿದ್ದು ನಾನು ಕಂಡಿಲ್ಲ. ಮೈದುನ ಅದನ್ನು ಆಸ್ಟಿನ್ನಿನ ಗೆಳೆಯರಿಗೆಲ್ಲ ಹೇಳಿಕೊಂಡು ಮೆರೆಯುತ್ತಿದ್ದ. ಅಷ್ಟಕ್ಕೇ ಬಿಟ್ಟರೆ ಅವರು ನಮ್ಮವರೇ ಅಲ್ಲ. "ಕೊತ್ತಂಬರಿ ಬೀಜ ಒಂಚೂರು ಜಾಸ್ತಿ ಹುರ್ದಿದ್ದೀಯ ಕಣೆ," ಎನ್ನಬೇಕು. "ಕಾಯಿ ಹಳೇದು," ಎನ್ನಬೇಕು. ಮದುವೆಯಾದ ದಿನದಿಂದ ನನ್ನ ಅಡುಗೆಯಲ್ಲಿ ತಪ್ಪು ಹುಡುಕದೆ ಅವರು ಕೈ ತೊಳೆದದ್ದಿಲ್ಲ. "ನಾಳೆಯಿಂದ ನೀವೇ ಬೇಯಿಸ್ಕೊಂಡು ತಿನ್ನಿ," ಎಂದು ನಾನು, "ಸತ್ಯ ಹೇಳಿದ್ರೆ ಕೋಪ," ಎಂದು ಅವರು. ನಮ್ಮ ಸಂಸಾರ ಹೀಗೇ ಸುಖವಾಗಿತ್ತು.

ಮೈದುನನ ಬೇಟೆಯ ಎರಡನೆಯ ವರ್ಷ, ಬಾತುಗಳು ಇಳಿಯುವ ಮೊದಲೇ ಅವರಿಗೊಂದು ಕೆಟ್ಟ ಜ್ವರ ಬಂತು. ಜ್ವರ ಹೋಯಿತು, ನೆಗಡಿ ಹೋಯಿತು, ಜೊತೆಗೆ ವಾಸನೆಯೂ ಹೋಯಿತು. ನಾಲಿಗೆಗೆ ಉಪ್ಪು, ಹುಳಿ, ಖಾರ ತಿಳಿಯುತ್ತದೆ, ಉಳಿದದ್ದೆಲ್ಲ ಮೂಗಿನ ಕೆಲಸ ಎಂದು ನನಗೆ ಆಗಲೇ ಗೊತ್ತಾದದ್ದು. ಡಾಕ್ಟರು, "ಬಂದರೆ ಬರಬಹುದು, ಬರದೆಯೂ ಇರಬಹುದು," ಅಂದರು. ಒಂದು ದಿನ ಒಲೆಯ ಮೇಲೆ ಹಾಲು ಹೊತ್ತಿ ಅಡುಗೆಮನೆ ಕಮಟು ಹಿಡಿದಿದ್ದರೆ ಇವರು ಪಕ್ಕದಲ್ಲೇ ನಿಶ್ಚಿಂತೆಯಾಗಿ ಪೇಪರು ಓದುತ್ತಾ ಕೂತಿದ್ದರು. ನಾನೇ ಓಡಿ ಬಂದು ಒಲೆ ಆರಿಸಿದೆ.

ಅದಕ್ಕಿಂತ ನನ್ನನ್ನು ಉರಿಸಿದ್ದು ಅವರ ಹೊಗಳಿಕೆ. ಏನು ಬಡಿಸಿದರೂ "ಚೆನ್ನಾಗಿದೆ." ಹೊತ್ತಿದ ಪಲ್ಯಕ್ಕೂ ಚೆನ್ನಾಗಿದೆ, ಹಳಸಿದ ಚಟ್ನಿಗೂ ಚೆನ್ನಾಗಿದೆ. ದೀಪಾವಳಿಗೆ ಅಷ್ಟು ದೂರ ಡ್ರೈವ್ ಮಾಡಿಕೊಂಡು ಡಾಲಸ್ ಕಡೆಗೆ, ಕಾಪೆಲ್‌ನಲ್ಲಿದ್ದ ಸ್ನೇಹಿತರ ಮನೆಗೆ ಹೋದೆವು. ಆ ಮನೆಯ ಹುಡುಗಿ ಇಂಗಿನ ಡಬ್ಬಿಯನ್ನೇ ಬೋರಲು ಹಾಕಿದಂತೆ ಪುಳಿಯೋಗರೆ ಮಾಡಿದ್ದಳು. ನಮ್ಮವರು ಎರಡು ಸಲ ಹಾಕಿಸಿಕೊಂಡು, "ಸೂಪರಮ್ಮ," ಅಂದರು.

"ಅಂಕಲ್ ಎಷ್ಟು ಸಾಫ್ಟ್ ಆಗಿಬಿಟ್ಟಿದ್ದಾರೆ ಅಲ್ವಾ ಆಂಟಿ?" ಎಂದು ಅವಳು ನನ್ನ ಕಿವಿಯಲ್ಲಿ ಹೇಳಿದಳು.

"ಹೌದಮ್ಮ, ಬೆಣ್ಣೆ," ಎಂದೆ ಹಲ್ಲು ಕಚ್ಚಿಕೊಂಡು.

ಮೈದುನ ಎಂದಿನಂತೆ ಬಾತು ತಂದ. ನಾನು ಬೇಕೆಂದೇ ಶವೆಲರ್ ಬೇಯಿಸಿ, ಪಿನ್‌ಟೇಲ್ ಎಂದು ಹೇಳಿ ಬಡಿಸಿದೆ. ನಮ್ಮವರು ಕಣ್ಣು ಮುಚ್ಚಿ, ತಲೆದೂಗಿ, "ಆಹಾ, ಪಿನ್‌ಟೇಲ್ ಅಂದ್ರೆ ಪಿನ್‌ಟೇಲೇ," ಅಂದರು. ಮೈದುನ ತಲೆ ಬಗ್ಗಿಸಿ ಮುದ್ದೆ ಮುರಿಯುತ್ತಾ ಕೂತ. ಅವನು ಹೊರಟ ಮೇಲೆ ನಾನು ಕೇಳಿಯೇಬಿಟ್ಟೆ.

"ಯಾಕ್ರೀ ಸುಳ್ಳು ಹೇಳ್ತೀರ? ಅದು ಶವೆಲರ್."

ಅವರು ಕೈಯಲ್ಲಿದ್ದ ಪೇಪರು ಮಡಿಸಿಟ್ಟರು. "ನೀನು ಅಷ್ಟು ಕಷ್ಟಪಟ್ಟು ಮಾಡ್ತೀಯ. ನಂಗೆ ಎಲ್ಲಾ ಖಾರ ಹಾಕಿದ ಬಿಸಿನೀರಿನ ಹಾಗಿರುತ್ತೆ. ಅದನ್ನ ನಿನ್ನ ಹತ್ರ ಹೇಗೆ ಹೇಳ್ಲಿ?"

ಅಯ್ಯೋ ಪಾಪ ಅನ್ನಿಸಿತು. ಅವತ್ತಿನಿಂದ ನನಗೂ ಕಾಯಿ ತುರಿಯುವ ಉತ್ಸಾಹ ಇಳಿಯಿತು. ಕೇಳುವವರೇ ಇಲ್ಲದ ಮೇಲೆ ಹದ ನೋಡಿ ಏನಾಗಬೇಕು?

ಬೇಟೆಯ ಕಾಲ ಮುಗಿಯುವ ಹೊತ್ತಿಗೆ ಮೈದುನ ಇನ್ನೊಮ್ಮೆ ಬಂದ. ಈ ಸಲ ಗದ್ದೆ ಬಿಟ್ಟು ಕಡಲ ಹಿನ್ನೀರಿನ ಕಡೆ ಹೋಗಿದ್ದನಂತೆ. ಮುಖ ಚಿಕ್ಕದು ಮಾಡಿಕೊಂಡು ಪೆಟ್ಟಿಗೆ ತೆಗೆದ. ಸಪೂರ ಕೊಕ್ಕಿನ ಒಂದೇ ಹಕ್ಕಿ, ಕೊಕ್ಕಿನೊಳಗೆ ಗರಗಸದಂಥ ಹಲ್ಲು.

"ಬೈಬೇಡಿ ಅತ್ತಿಗೆ. ಮಬ್ಬುಬೆಳಕಲ್ಲಿ ಗೊತ್ತಾಗ್ಲಿಲ್ಲ, ಮರ್ಗ್ಯಾನ್ಸರ್ ಹೊಡೆದುಬಿಟ್ಟೆ. ಮೀನೇ ತಿನ್ನೋ ಬಾತು ಇದು, ಯಾರೂ ತಿನ್ನಲ್ಲ. ಹೊಡೆದ ಮೇಲೆ ಬಿಸಾಕೋದಕ್ಕೂ ಮನಸ್ಸು ಬರಲ್ಲ."

ಜೀವ ತೆಗೆದ ಮೇಲೆ ಎಸೆಯುವುದು ನನಗೂ ಒಗ್ಗದು. ಹೇಗೂ ನಮ್ಮವರಿಗೆ ಗೊತ್ತಾಗುವುದಿಲ್ಲವಲ್ಲ, ಅವರಾದರೂ ತಿನ್ನಲಿ ಎಂದು, ಸಿಕ್ಕಿದ್ದಷ್ಟು ಮಸಾಲೆ ಹಾಕಿ ಕುಕ್ಕರಿಗೇರಿಸಿದೆ. ಸೀಟಿ ಕೂಗಿದ್ದೇ ತಡ, ಅಬ್ಬಬ್ಬಾ! ಮೀನು ಮಾರ್ಕೆಟ್ಟೇ ಮನೆಗೆ ನುಗ್ಗಿದ ಹಾಗಾಯಿತು. ಮೈದುನ ಹಿತ್ತಲ ಬಾಗಿಲು ತೆರೆದು ಆಚೆ ಹೋಗಿ ನಿಂತ. ನಾನು ವೇಲನ್ನು ಮೂಗಿಗೆ ಕಟ್ಟಿಕೊಂಡು ಬಡಿಸಿದೆ.

ನಮ್ಮವರು ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗಿಟ್ಟರು. "ಚೆನ್ನಾ" ಎಂದವರು ಅಲ್ಲಿಗೇ ನಿಂತರು.

"ಥೂ! ಏನೇ ಇದು? ಒಣಮೀನು ನೆನೆಸಿದ ನೀರಲ್ಲಿ ಬೇಯ್ಸಿದ್ದೀಯಾ?"

ತಾವು ಏನಂದೆವು ಎಂದು ಅವರಿಗೂ ಆಗಲೇ ಹೊಳೆದಿರಬೇಕು. ತಟ್ಟೆಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದು ಜೋರಾಗಿ ಉಸಿರೆಳೆದುಕೊಂಡರು. ಮತ್ತೆ ಎಳೆದುಕೊಂಡರು. ಕಣ್ಣು ತುಂಬಿ ಬಂತು. ಮೈದುನ ಬಾಗಿಲಲ್ಲೇ ನಿಂತು, "ಅಣ್ಣಾ," ಎಂದ.

"ಬಿಡಿ, ತಿನ್ಬೇಡಿ, ತಿಳಿಸಾರು ಇದೆ," ಎಂದು ನಾನು ತಟ್ಟೆಗೆ ಕೈ ಹಾಕಿದರೆ ಕೊಡಲೇ ಇಲ್ಲ. ಒಂದೊಂದು ತುತ್ತಿಗೂ ಮುಖ ಕಿವುಚುತ್ತಾ, ಥೂ ಎನ್ನುತ್ತಾ, ಮೂಳೆ ಬಿಡದಂತೆ ತಿಂದರು.

"ಶುಂಠಿ ಸಾಲದು ಕಣೆ. ಇಂಥ ದರಿದ್ರ ಹಕ್ಕಿಗೆ ಬೆಳ್ಳುಳ್ಳೀನೂ ಇನ್ನಷ್ಟು ಬೀಳ್ಬೇಕಿತ್ತು. ಕೈ ಹಿಡಿದು ಹಾಕಿದ್ದೀಯ."

ನಾನು ಇನ್ನೊಂದು ಸೌಟು ಸಾರು ಬಡಿಸಿ, ಮೂಗಿನ ಬಟ್ಟೆ ಬಿಚ್ಚಿ ಅದರಲ್ಲೇ ಕಣ್ಣೊರೆಸಿಕೊಂಡು ಅವರೆದುರಿಗೆ ಕೂತೆ.

"ಇನ್ನೇನು ಕಮ್ಮಿ ಆಗಿದೆ," ಎಂದೆ, "ಹೇಳಿ."