ಎಮ್ಮೆಯ ಕುತ್ತಿಗೆಯ ಬಾವು

ಇಂದು ಬೆಳಿಗ್ಗೆ ರಾವಂದೂರಿನ ನಮ್ಮ ಕೊಟ್ಟಿಗೆಯಲ್ಲಿ ಪಶುವೈದ್ಯರು ಎಮ್ಮೆಯ ಕುತ್ತಿಗೆಯ ಕೂದಲು ಬೋಳಿಸಿ ಸ್ಪಿರಿಟ್ ಒರೆಸಿದರು. ಆ ವಾಸನೆ ನನ್ನನ್ನು ಅಜ್ಜಿಯ ಕಾಲಕ್ಕೆ ಒಯ್ದಿತು.

ಆಗಲೂ ಕ್ಷಯರೋಗದ ಪತ್ತೆಗೆಂದು ನಮ್ಮ ಎಮ್ಮೆಯ ಕುತ್ತಿಗೆಗೆ ಹೀಗೆಯೇ ಸೂಜಿ ಹಾಕಿದ್ದರು. ಮೂರನೆಯ ದಿನ ಅಲ್ಲಿ ಬಾವಿದ್ದರೆ ರೋಗವಿದೆಯೆಂದು ಅರ್ಥ. ಅದನ್ನು ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಮರುದಿನವೇ ಚರ್ಮ ನಿಂಬೆಹಣ್ಣಿನಷ್ಟು ಊದಿಕೊಂಡಿತು.

"ಮೂಕ್ ಪ್ರಾಣಿ ಕಣ್ಲಾ, ನೋವು ಅಂತ ಬಾಯ್ಬುಟ್ಟು ಯೋಳದಾ? ಉಪ್ಪಿನ ಗಂಟು ಬಿಸಿ ಮಾಡ್ಕೊಂಡ್ ಬಾ," ಎಂದರು ಅಜ್ಜಿ. ಎರಡು ದಿನ ನಾನೇ ಶಾಖ ಕೊಟ್ಟೆ. ಬಾವು ಇಳಿಯಿತು.

ಮೂರನೆಯ ದಿನ ಡಾಕ್ಟರು ಬಂದು ಚರ್ಮದ ದಪ್ಪವನ್ನು ಅಳೆದು, "ಏನಾದ್ರೂ ಮಾಡಿದ್ರಾ ಅಜ್ಜಿ?" ಎಂದು ಕೇಳಿದರು.

"ನಾವೇನ್ ಮಾಡಾನ ಸ್ವಾಮಿ? ಚುಚ್ಚಿದೋರು ನೀವು."

ಡಾಕ್ಟರು ನಕ್ಕು, ರೋಗವಿಲ್ಲವೆಂದು ಬರೆದುಕೊಂಡು ಹೋದರು. ನಾನು ಪಕ್ಕದಲ್ಲೇ ಸುಮ್ಮನೆ ನಿಂತಿದ್ದೆ. ಅಜ್ಜಿ ಮುಚ್ಚಿಟ್ಟರೋ, ಶಾಖ ಕೊಡುವುದನ್ನು ಹೇಳಬೇಕಾದ ಸಂಗತಿಯೆಂದೇ ಎಣಿಸಲಿಲ್ಲವೋ ತಿಳಿಯದು. ಎಮ್ಮೆಗೆ ರೋಗವಿತ್ತೇ ಎಂಬುದೂ ತಿಳಿಯದು. ಅದರ ಹಾಲನ್ನಂತೂ ಮನೆಮಂದಿಯೆಲ್ಲ ಕುಡಿದೆವು.

ನನ್ನ ಮಗಳು ಬದುಕಿದ್ದಾಗ ಒಮ್ಮೆ ಇದನ್ನು ಕೇಳಿ, "ನೀವ್ಯಾಕೆ ಡಾಕ್ಟ್ರಿಗೆ ಹೇಳ್ಲಿಲ್ಲ ಅಪ್ಪ?" ಎಂದಿದ್ದಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಮಾತನಾಡಿ ಗೆದ್ದಿದ್ದ ನಾನು, ಅವಳನ್ನು ಗದರಿಸಿ ಬಾಯಿ ಮುಚ್ಚಿಸಿದೆ.

ಇಂದಿನ ವೈದ್ಯರಿಗೆ ಎಲ್ಲವನ್ನೂ ಹೇಳಿದೆ. "ಈಗ ಹೇಳಿದ್ರೆ ಏನ್ ಬಂತು ಬುಡಿ ಸಾರ್," ಎಂದರು. ಅವರು ಆ ಪ್ರಶ್ನೆ ಕೇಳಿಯೇ ಇರಲಿಲ್ಲ. ಕೇಳಿದ್ದ ಮಗಳಿಗೆ ಏನು ಹೇಳಬೇಕಿತ್ತೆಂದು ನನಗೆ ಇನ್ನೂ ಗೊತ್ತಾಗಿಲ್ಲ.