ಚೆಂಡು ಬಿಡದ ಆನಂದಪ್ಪ

ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುವವರ ಪೈಕಿ ಆನಂದಪ್ಪನ ದಾರಿಯೇ ಬೇರೆ. ಉಳಿದವರು ಒಂದು ಮೂಟೆ ಹೊತ್ತರೆ ಇವನು ಎರಡು ಹೊರುತ್ತಿದ್ದ. ಎದುರಿಗೆ ಗುರುತಿನವರು ಸಿಕ್ಕರೆ ಹೊತ್ತುಕೊಂಡೇ ನಿಂತು ಊರ ಸಮಾಚಾರವನ್ನೆಲ್ಲ ಮಾತಾಡಿ ಮುಗಿಸುತ್ತಿದ್ದ. ಮೈಯೆಲ್ಲ ಮತ್ತಿಕೆರೆಯ ಗರಡಿಮನೆಯ ಮಣ್ಣಿನಲ್ಲಿ ಪಳಗಿದ್ದು. ಮೂವತ್ತು ದಾಟಿದ ಮೇಲೆ ಹೆಂಡತಿ ಮುನಿಕೃಷ್ಣಮ್ಮನ ಕಾಟ ತಾಳಲಾರದೆ ಕುಸ್ತಿಯ ಪಂದ್ಯಗಳನ್ನು ಬಿಟ್ಟಿದ್ದ. ಬೆಳಗಿನ ಸಾಮು ಮಾತ್ರ ಬಿಟ್ಟಿರಲಿಲ್ಲ.

ಸಾವಿರದ ಒಂಬೈನೂರ ಐವತ್ತೊಂಬತ್ತರ ಜನವರಿಯಲ್ಲಿ ಹೆಬ್ಬಾಳದ ಬಯಲಿನಲ್ಲಿ ರಗ್ಬಿ ಪಂದ್ಯಾವಳಿ ಏರ್ಪಾಡಾಯಿತು. ಏರ್ಪಡಿಸಿದವರು ಚನ್ನಕೇಶವ ಎಂಬ ಎಂಜಿನಿಯರು. ಇಂಗ್ಲೆಂಡಿನಲ್ಲಿ ಓದುವಾಗ ಆ ಆಟದ ಹುಚ್ಚು ಹತ್ತಿಸಿಕೊಂಡು ಬಂದಿದ್ದರು. ಹತ್ತಿರದಲ್ಲೇ ಪೋಲಿಯೋದಿಂದ ಕಾಲು ಸೋತ ಮಕ್ಕಳ ಮನೆಯೊಂದಿತ್ತು. ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ಯಲು ಅಲ್ಲೊಂದು ವ್ಯಾನು ಬೇಕಾಗಿತ್ತು. ಆಟದಿಂದ ಬಂದದ್ದೆಲ್ಲ ಅದಕ್ಕೇ ಎಂದು ಎಂಜಿನಿಯರೂ ಆ ಮನೆ ನೋಡಿಕೊಳ್ಳುತ್ತಿದ್ದ ಮರಿಯಮ್ಮನವರೂ ಕೂತು ಮಾತಾಡಿಕೊಂಡಿದ್ದರು.

ಆನಂದಪ್ಪ ಅಲ್ಲಿಗೆ ಹೋದದ್ದು ಲಾರಿಯಿಂದ ಬೆಂಚು ಇಳಿಸುವ ಕೂಲಿಗೆ. ಹೆಗಲಿಗೊಂದರಂತೆ ಬೆಂಚು ಏರಿಸಿಕೊಂಡು ಅವನು ಬಯಲು ದಾಟುತ್ತಿದ್ದಾಗ, ಚನ್ನಕೇಶವರು ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಅವರ ಕಡೆಯ ಆಟಗಾರನೊಬ್ಬ ಆಗಷ್ಟೇ ಕಾಲು ಉಳುಕಿಸಿಕೊಂಡಿದ್ದ, ಒಬ್ಬ ಕಮ್ಮಿ. ಎದುರು ತಂಡದವರು ಚಿಕ್ಕಮಗಳೂರು ಕಡೆಯ ಕಾಫಿ ತೋಟದ ದೊರೆಗಳು. ಒಬ್ಬೊಬ್ಬರೂ ಆಲದ ಬೊಡ್ಡೆಯ ಹಾಗಿದ್ದರು. ಚನ್ನಕೇಶವರು ಬೆಂಚನ್ನೂ ಅದರಡಿಯ ಆಳನ್ನೂ ಒಮ್ಮೆ ನೋಡಿ ಎದ್ದು ಬಂದರು.

ಹೇಳಿಕೊಡಲು ಹೊತ್ತಿರಲಿಲ್ಲ. "ನೋಡಪ್ಪ, ಚೆಂಡು ಕೈಗೆ ಬಂದ್ರೆ ಗಟ್ಟಿಯಾಗಿ ಹಿಡ್ಕೊ. ಯಾರಿಗೂ ಕೊಡ್ಬೇಡ. ಅಲ್ಲಿ ಸುಣ್ಣದ ಗೆರೆ ಇದೆಯಲ್ಲ, ಅದನ್ನ ದಾಟಿಬಿಡು" ಎಂದರು. ಆನಂದಪ್ಪ ಗೆರೆ ನೋಡಿದ, ತಲೆಯಾಡಿಸಿದ. ಸೌತೆಕಾಯಿಯಂಥ ಆ ಚೆಂಡನ್ನು ಕಂಡು, ಪಾಪ, ಯಾರೋ ಅದರ ಮೇಲೆ ಕೂತು ಹಾಳು ಮಾಡಿದ್ದಾರೆ ಅಂದುಕೊಂಡ. ಬರಿಗಾಲಲ್ಲೇ, ಯಾರದೋ ಬಿಗಿ ಅಂಗಿ ತೊಟ್ಟು ನಿಂತ.

ಆಟದ ಶುರುವಿನಲ್ಲೇ ತೋಟದವನೊಬ್ಬ ಚೆಂಡು ಹಿಡಿದು ಗೆರೆ ದಾಟಿ ದಬಕ್ಕನೆ ನೆಲಕ್ಕೆ ಬಿದ್ದ. ಎಡವಿದನೆಂದು ಆನಂದಪ್ಪ ಹೋಗಿ ಅವನನ್ನು ಎಬ್ಬಿಸಿ ಮಣ್ಣು ಒರೆಸಿದ. ಹಾಗೆ ಬಿದ್ದು ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದ್ದಕ್ಕೇ ಅಂಕ ಕೊಟ್ಟರೆಂಬುದು ಅವನಿಗೆ ತಿಳಿಯಲಿಲ್ಲ.

ಆಟ ಮುಗಿಯುವ ಹೊತ್ತಿಗೆ ಚನ್ನಕೇಶವರ ಕಡೆಯವರು ಎರಡೇ ಅಂಕ ಹಿಂದಿದ್ದರು. ಆಗ ಚೆಂಡು ಆನಂದಪ್ಪನ ಕೈಗೆ ಬಂತು. ಎದೆಗವಚಿಕೊಂಡು ಹೊರಟ. ಒಬ್ಬ ಸೊಂಟಕ್ಕೆ ಬಿದ್ದ, ಇನ್ನೊಬ್ಬ ಬೆನ್ನೇರಿದ, ಮೂರನೆಯವನು ಕತ್ತಿಗೆ ಜೋತುಬಿದ್ದ. ಆನಂದಪ್ಪ ಮೂವರನ್ನೂ ಹೊತ್ತುಕೊಂಡು, ಓಡುವುದಕ್ಕಾಗದೆ ನಡೆದೇ ಗೆರೆ ದಾಟಿದ. ದಾಟಿ, ನಿಂತ.

ಕೆಳಗಿಡು, ಕೆಳಗಿಡು ಎಂದು ಬಯಲಿಗೆ ಬಯಲೇ ಕೂಗಿತು. ಮೈಮೇಲಿನವರನ್ನು ಕೆಳಗಿಡಲು ಹೇಳುತ್ತಿದ್ದಾರೆಂದು ಆನಂದಪ್ಪ ಅವರನ್ನು ಒಬ್ಬೊಬ್ಬರಾಗಿ ಕೊಡವಿ ಇಳಿಸಿದ. ಇಳಿದವರು ಮತ್ತೆ ಏರಿದರು. ಚೆಂಡು ಮಾತ್ರ ಎದೆಯಲ್ಲೇ ಇತ್ತು. ರೆಫರಿ ಕಾದು ಕಾದು ಸಾಕಾಗಿ ಆಟ ಮುಗಿಯಿತೆಂದು ಸೀಟಿ ಊದಿದ.

ಚನ್ನಕೇಶವರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸಮಾಚಾರ ಗೊತ್ತಾದಾಗ ಆನಂದಪ್ಪನ ಮುಖ ಸಪ್ಪಗಾಯಿತು. "ನಮ್ ಗರಡೀಲಿ ನೆಲ ಮುಟ್ಟಿದ್ರೆ ಸೋತಂಗೆ ಸ್ವಾಮಿ. ಇಲ್ಲಿ ಮುಟ್ಟಿದ್ರೆ ಗೆದ್ದಂಗೆ ಅಂತ ನಂಗೆಂಗೆ ಗೊತ್ತಾಗ್ಬೇಕು?" ಎಂದ. ಹೇಳಲು ಮರೆತದ್ದು ತಾವೇ ಎಂದು ಚನ್ನಕೇಶವರು ಒಪ್ಪಿಕೊಂಡರು.

ಅಷ್ಟರಲ್ಲಿ ತೋಟದವರಲ್ಲೊಬ್ಬ ನಗುತ್ತ ಬಂದು ಚೆಂಡು ಕಿತ್ತುಕೊಳ್ಳಲು ನೋಡಿದ. ಬರಲಿಲ್ಲ. ಇನ್ನೊಬ್ಬ ಎಳೆದ. ಊಹೂಂ. ಸಾಲು ಬೆಳೆಯಿತು. ಮುಂದಿನ ಬೆಂಚಿನಲ್ಲಿ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ಕೂತಿದ್ದ ಒಂಬತ್ತು ವರ್ಷದ ಕನೀಜ್ ಇದನ್ನೆಲ್ಲ ನೋಡುತ್ತಿದ್ದಳು. ಮಕ್ಕಳ ಮನೆಯಲ್ಲಿ ಅವಳ ಬಾಯಿಗೆ ಎಲ್ಲರೂ ಹೆದರುತ್ತಿದ್ದರು.

"ಸುಮ್ನೆ ಎಳೀಬಾರ್ದು. ನಾಕಾಣೆ ಹಾಕಿ ಎಳೀರಿ. ನಮ್ ವ್ಯಾನಿಗೆ" ಎಂದು ಪಕ್ಕದವರ ಟೋಪಿ ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡಳು.

ಸೋತ ಬೇಜಾರೆಲ್ಲ ಆನಂದಪ್ಪನಿಗೆ ಅಲ್ಲೇ ಮರೆತುಹೋಯಿತು. ಹೊತ್ತು ಮುಳುಗುವವರೆಗೂ ಕಾಲು ಅಗಲಿಸಿ ನಿಂತ. ಆಟ ನೋಡಲು ಬಂದಿದ್ದ ಸಿಪಾಯಿಗಳು ಎಳೆದರು, ಹಾಲಿನವರು ಎಳೆದರು, ತೋಟದವರು ಜೋಡಿಯಾಗಿ ಎಳೆದರು. ಟೋಪಿ ಎರಡು ಸಲ ತುಂಬಿತು. ಟಿಕೆಟ್ಟಿಗಿಂತ ಅದರಲ್ಲೇ ಹೆಚ್ಚು ಬಂತೆಂದು ಮರಿಯಮ್ಮನವರು ಹೇಳುತ್ತಿದ್ದರು. ಮನೆಗೆ ಹೋದಾಗ ಹರಿದ ಅಂಗಿ ಕಂಡು ಮುನಿಕೃಷ್ಣಮ್ಮ, ಕುಸ್ತಿ ಬಿಟ್ಟಿದ್ದೀನಿ ಅಂದಿರಲ್ಲ, ಇದೇನು ಎಂದು ಕೇಳಿದಳು. ಅವನು ಎಷ್ಟು ವಿವರಿಸಿದರೂ ಅವಳು ನಂಬಲಿಲ್ಲ.

ಆಮೇಲೆ ಪ್ರತಿ ಜನವರಿಯಲ್ಲೂ ಆ ಪಂದ್ಯಾವಳಿ ನಡೆಯಿತು. ಆನಂದಪ್ಪ ಮತ್ತೆ ಆಡಲಿಲ್ಲ, ಚೆಂಡು ಹಿಡಿದು ನಿಲ್ಲುವುದು ಅವನ ಪಾಲಿಗೆ ಬಂತು. ಭಾನುವಾರಗಳಲ್ಲಿ ಮಕ್ಕಳ ಮನೆಗೆ ಹೋಗಿ, ಕೂತಲ್ಲೇ ತೋಳು ಬಲಿಯುವಂಥ ಗರಡಿಯ ವರಸೆಗಳನ್ನು ಕಲಿಸಲು ಶುರುಮಾಡಿದ. ಕನೀಜ್ ಅದನ್ನೂ ಎಲ್ಲರಿಗಿಂತ ಬೇಗ ಕಲಿತು, ಉಳಿದವರ ತಪ್ಪು ತಿದ್ದತೊಡಗಿದಳು.

ಮೂರನೆಯ ವರ್ಷಕ್ಕೆ ವ್ಯಾನು ಬಂತು. ಮೊದಲ ಸವಾರಿ ಲಾಲ್‌ಬಾಗಿಗೆ. ಮಕ್ಕಳನ್ನು ಎತ್ತಿ ಇಳಿಸಲು ಆನಂದಪ್ಪನೇ ಬರಬೇಕೆಂದು ಮರಿಯಮ್ಮನವರು ಹೇಳಿಕಳಿಸಿದರು. ಅವನು ಮೋಟಾರು ಹತ್ತಿದ್ದು ಅದೇ ಮೊದಲು. ಮೇಖ್ರಿ ಸರ್ಕಲ್ ಬರುವಷ್ಟರಲ್ಲಿ ಹೊಟ್ಟೆ ತೊಳಸಿ, ಕಣ್ಣು ಮುಚ್ಚಿಕೊಂಡು ಕಿಟಕಿಗೆ ಒರಗಿದ. ಮಕ್ಕಳು ಹಾಡುತ್ತಿದ್ದರು. ಕನೀಜ್ ಕಿತ್ತಳೆ ಸುಲಿದು ಒಂದೊಂದೇ ತೊಳೆಯನ್ನು ಅವನ ಕೈಗಿಡುತ್ತ, "ಇನ್ನೇನ್ ಬಂದ್ಬಿಡ್ತು ಮಾಮ" ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದಳು. ಲಾಲ್‌ಬಾಗ್ ಇನ್ನೂ ಬಹಳ ದೂರವಿತ್ತು.