ಮೂರನೇ ತಿಂಗಳ ಕುಸ್ತಿ

ಒಂದ್ ಮಾತು ಕೇಳ್ತೀನಿ, ನಿಜ ಹೇಳ್ಬೇಕು. ಬ್ಯಾಡ ಅಂತ ಬಾಯ್ಬುಟ್ಟು ಹೇಳ್ದೋನ್ನ "ಇದೊಂದ್ಸಲ ಬಾರ್ಲಾ" ಅಂತ ಎಳ್ಕಂಡ್ ಹೋಗಿ, ಆಮೇಲೆ ಅವ್ನ ಮಖ ನೋಡಕಾಗ್ದೆ ದಾರಿ ಬದ್ಲಾಯಿಸಿದ್ದೀರಾ ಯಾರಾದ್ರೂವೆ? ನಾನ್ ಬದ್ಲಾಯಿಸಿದ್ದೀನಿ. ನನ್ನೆಂಡ್ರ ತವರು ಮಳವಳ್ಳಿ. ಅಲ್ಲಿಂದ ಮೈಸೂರಿಗೆ ಹೋಗ್ಬೇಕಾದ್ರೆ ನ್ಯಾರ ದಾರೀಲಿ ಕಿರುಗಾವಲು ಸಿಕ್ತದೆ ಅಂತ, ಮಂಡ್ಯಕ್ಕೆ ಬಂದು ಬಳಸ್ಕಂಡ್ ಹೋಯ್ತಿದ್ದೆ. ಒಂದ್ ವರ್ಸ ಇಂಗೇ ಮಾಡ್ದೆ. ಎಂಡ್ರು ಕೇಳುದ್ರೆ "ಆ ರೋಡು ಬರೀ ಗುಂಡಿ ಕಣಮ್ಮಿ" ಅಂತಿದ್ದೆ. ರೋಡು ಚೆನ್ನಾಗೇ ಇತ್ತು.

ಆ ರೋಡಲ್ಲಿ ಒಂದು ಟ್ರ್ಯಾಕ್ಟರ್ ರಿಪೇರಿ ಶೆಡ್ ಅದೆ. ಅದು ನಮ್ ಪೈಲ್ವಾನಂದು. ಅವ್ನ ಬಲಗೈ ಈಗ ಭುಜಕ್ಕಿಂತ ಮ್ಯಾಕೆ ಏಳಾಕಿಲ್ಲ. ಅದಕ್ಕೆ ನಾನ್ ಕಾರಣ. ಇವತ್ತು ಅದ್ನೇ ಬರೀತಾ ಇರೋದು.

ನಂದು ಮದ್ದೂರಲ್ಲಿ ಫ್ಲೆಕ್ಸ್ ಅಂಗ್ಡಿ ಅನ್ನೋದು ನಿಮ್ಗೆ ಗೊತ್ತು. ನಾಮಕರಣ, ತಿಥಿ, ಎಲೆಕ್ಷನ್ನು, ಎಲ್ಲಾರ ಮಖಾನೂ ಪ್ರಿಂಟ್ ಹೊಡ್ದಿದ್ದೀನಿ. ಚಿಕ್ ವಯಸ್ಸಲ್ಲಿ ವಸಿ ದಿನ ಗರಡಿಗೂ ಹೋಗಿದ್ದೆ. ನನ್ ಮೈಗೆ ಅದು ಒಗ್ಗಲಿಲ್ಲ, ಆದ್ರೆ ಗರಡಿ ನಂಟು ಬುಡ್ಲಿಲ್ಲ. ವರ್ಸಕ್ಕೊಂದ್ಸಲ ನಮ್ ಗರಡಿಯೋರು ಟಿಕೆಟ್ ಕುಸ್ತಿ ಮಾಡೋರು. ಐವತ್ತು ರೂಪಾಯಿ ಟಿಕೆಟ್ಟು. ಮಂಡ್ಯ, ಮಳವಳ್ಳಿ ಕಡಿಂದೆಲ್ಲ ಜನ ಬರೋರು. ಆ ದಿನಕ್ಕೋಸ್ಕರ ವರ್ಸೆಲ್ಲಾ ಕಾಯೋರು, ಟೀ ಅಂಗ್ಡೀಲಿ ಕುಂತ್ಕಂಡು ಈ ಸಲ ಯಾವ್ ಜೋಡಿ ಕಟ್ತರೆ ಅಂತ ಕಿತ್ತಾಡೋರು.

ಒಂದ್ ವರ್ಸ ಜನ ಮೈದಾನ ತುಂಬಿ ಗೋಡೆ ಹತ್ಕಂಡ್ರು. ಆ ಸಲ ನಾನು ಕುಸ್ತೀನ ಫೋನಲ್ಲೂ ಲೈವ್ ಬುಟ್ಟಿದ್ದೆ. ತೊಂಬತ್ತೊಂಬತ್ತು ರೂಪಾಯಿ ಹಾಕಿದ್ರೆ ಲಿಂಕ್ ಬತ್ತದೆ, ಮನೇಲೇ ಕುಂತ್ಕಂಡ್ ನೋಡ್ಬೋದು. ಚೆನ್ನಾಗಿ ಓಡ್ತು. ನನ್ ತಲೆ ತಿರುಗ್ತು.

ಗರಡೀಲಿ ಮೀಟಿಂಗ್ ಕರ್ದೆ. ಕಮಿಟಿ ಅಂದ್ರೆ ನಾಕೈದು ಜನ. ಗರಡಿ ಕಲ್ಸೋ ವಸ್ತಾದ್ರು, ಮಂಡ್ಯದ ವಿ.ಸಿ. ಫಾರಂನಲ್ಲಿ, ಅದೇ ಬೇಸಾಯದ ಕಾಲೇಜಿನ ಜಮೀನಲ್ಲಿ, ಕೂಲಿ ಮಾಡೋ ನಮ್ಮಕ್ಕನ ಗಂಡ, ಇನ್ನಿಬ್ರು, ನಾನು.

"ಇನ್ಮೇಲೆ ತಿಂಗ್ಳಿಗೊಂದು ಮಾಡಾನ," ಅಂದೆ. "ಟೀವೀಲಿ ಬತ್ತದಲ್ಲ ಫಾರಿನ್ ಕುಸ್ತಿ, ಅವ್ರು ತಿಂಗ್ ತಿಂಗ್ಳೂ ದುಡ್ಡಿಸ್ಕಂಡೇ ದೊಡ್ ಶೋ ಮಾಡ್ತರೆ. ಜನ ಕೊಡ್ತಾ ಇಲ್ವಾ?"

ವಸ್ತಾದ್ರು ಎಲೆಡ್ಕೆ ಒಂದ್ ಕಡೀಕೆ ಒತ್ತರಿಸ್ಕಂಡು ಅಂದ್ರು: "ಅವ್ರು ಎಂಗ್ ಬೀಳ್ಬೇಕು ಅಂತ ಮದ್ಲೇ ಮಾತಾಡ್ಕಂಡು ಬೀಳ್ತರೆ ಕಣ್ಲಾ. ನಮ್ ಉಡುಗ್ರು ಬಿದ್ರೆ ನಿಜವಾಗ್ಲೂ ಬೀಳ್ತರೆ. ಒಂದ್ಸಲ ಜನದ್ ಮುಂದೆ ಇಳಿದೋನು ಮೂರ್ ತಿಂಗ್ಳು ಇಳೀಬಾರ್ದು. ಇದು ಈ ಗರಡಿ ಕಟ್ಲೆ."

ಬಾವ ಸೇರುಸ್ದ: "ನಮ್ ಫಾರಂನಾಗೆ ಗದ್ದೆಗೂ ವಸಿ ಬಿಡುವು ಕೊಡ್ತರೆ ಕಣಪ್ಪ. ನೀನು ಮನುಸ್ರ ಮೈಗೇ ಕೊಡಾಕಿಲ್ಲ ಅಂತೀಯಲ್ಲ?"

"ನಿನ್ ಗದ್ದೆ ನೋಡಕ್ಕೆ ಯಾರಾದ್ರೂ ಟಿಕೆಟ್ ತಗತರಾ ಬಾವ?" ಅಂದೆ.

ಎಲ್ರೂ ನಕ್ಬುಟ್ರು. ನಮ್ ಕಡೆ ಮೀಟಿಂಗ್ನಲ್ಲಿ ನಗ್ಸಿದೋನೇ ಗೆದ್ದ. ವಸ್ತಾದ್ರೊಬ್ರು ನಗಲಿಲ್ಲ.

ಮದ್ಲ ತಿಂಗ್ಳು ಮೈದಾನ ತುಂಬ್ತು. ನಮ್ ಪೈಲ್ವಾನ ಇಳುದಿದ್ದ. ಕಿರುಗಾವಲಿನೋನು, ಹಗಲೊತ್ತು ಟ್ರ್ಯಾಕ್ಟರ್ ಎಂಜಿನ್ ಎತ್ತಿಳಿಸೋನು. ಅವ್ನು ಇಳಿದ್ರೆ ಅವ್ನ ಎದುರ್ಗೆ ಇರೋನ ಊರಿನೋರೂ ಇವ್ನಿಗೇ ಸಿಳ್ಳೆ ಹೊಡಿಯೋರು. ಎರಡ್ನೇ ತಿಂಗ್ಳೂ ಅವ್ನೇ ಇಳ್ದ, ಬಂದಿದ್ದು ಅರ್ಧ ಜನ. "ಹೋದ್ ತಿಂಗ್ಳು ನೋಡಿದ್ದೇ ಅಲ್ವಾ ಗುರು" ಅಂದ್ರು. ಕಾಯೋದೇ ಇಲ್ದಿದ್ಮೇಲೆ ನೋಡೋದೇನು? ಅವತ್ತು ಇದು ನನ್ ತಲೆಗೆ ಹೋಗ್ಲಿಲ್ಲ. ಜನ ಕಮ್ಮಿಯಾದ್ರು ಅಂತ ಟಿಕೆಟ್ ನೂರು ಮಾಡ್ದೆ, ಫೋನಿಂದು ನೂರೈವತ್ತು ಮಾಡ್ದೆ. ಅಂಥಾ ಬುದ್ವಂತ ನಾನು. ಒಂದ್ ಟೀ ಅಂಗ್ಡೀಲಿ ಒಬ್ಬ ಲಿಂಕ್ ತಗಂಡು ಇಪ್ಪತ್ತೈದ್ ಜನ ಒಂದೇ ಫೋನಿಗೆ ತಲೆ ಕೊಟ್ಕಂಡು ನೋಡುದ್ರಂತೆ.

ಮೂರ್ನೇ ತಿಂಗ್ಳಿಗೆ ಜನ ಸೇರ್ಸೋನು ಅಂದ್ರೆ ನಮ್ ಪೈಲ್ವಾನ ಒಬ್ನೇ. ಅವ್ನ್ ಫೋಟೋನೇ ದೊಡ್ದಾಗ್ ಹಾಕಿ, ಬಲಗೈ ಮ್ಯಾಕೆತ್ತಿರೋದು, ಮದ್ದೂರಿಂದ ಮಳವಳ್ಳಿ ತಂಕ ಕಟ್ಟಕ್ಕೆ ಫ್ಲೆಕ್ಸ್ ಹೊಡ್ದೆ. ಅವ್ನ್ನ ಕೇಳ್ಲಿಲ್ಲ. ಕೇಳೋದೇನು ಅಂದ್ಕಂಡೆ.

ಮದ್ಯಾನದ ಹೊತ್ತು ಅವ್ನೇ ಅಂಗ್ಡಿಗ್ ಬಂದ. ಮಿಷನ್ನಲ್ಲಿ ಅವ್ನ್ ಮಖಾನೇ ಇಂಚಿಂಚಾಗಿ ಈಚೆಗ್ ಬತ್ತಾ ಇತ್ತು. ನಿಂತ್ಕಂಡ್ ನೋಡ್ದ.

"ಅಣ್ಣ, ಈ ತಿಂಗ್ಳು ಬ್ಯಾಡ ಅಣ್ಣ. ಭುಜ ಹಿಡ್ಕಂಡದೆ. ಸ್ಪ್ಯಾನರ್ ತಿರುಗ್ಸುದ್ರೆ ಒಳ್ಗೆ ಏನೋ ಕಟಕಟ ಅಂತದೆ."

"ಎಣ್ಣೆ ಹಾಕುಸ್ಕೊ, ಸರಿಯಾಯ್ತದೆ."

"ಹಾಕುಸ್ದೆ. ಒಂದೇ ಒಂದ್ ತಿಂಗ್ಳು ಬುಡಣ್ಣ. ಕೈ ಹೋದ್ರೆ ಶೆಡ್ ಯಾರ್ ನೋಡ್ಕತರೆ?"

"ನೋಡ್ಲಾ ಅಲ್ಲಿ, ಫ್ಲೆಕ್ಸ್ ಆಗೋಗದೆ. ಲಿಂಕ್ ದುಡ್ ಹಾಕವ್ರೆ ಜನ. ಇದೊಂದ್ಸಲ ಬಾರ್ಲಾ, ಹತ್ ನಿಮ್ಸದ್ ಕೆಲ್ಸ ನಿಂಗೆ."

ಅವ್ನು ಪ್ರಿಂಟ್ ನೋಡ್ದ, ನನ್ ನೋಡ್ದ. "ಚೆನ್ನಾಗ್ ಬಂದದೆ ಫೋಟೊ," ಅಂದ. ಗಾಡಿ ಹತ್ಕಂಡ್ ಹೋದ. ಬತ್ತೀನಿ ಅಂತಾನೂ ಅನ್ಲಿಲ್ಲ, ಬರಾಕಿಲ್ಲ ಅಂತಾನೂ ಅನ್ಲಿಲ್ಲ. ನಾನು ಬತ್ತನೆ ಅಂತ್ಲೇ ಲೆಕ್ಕ ಹಾಕ್ಕಂಡೆ.

ಬಂದ.

ನಮ್ ಗರಡೀಲಿ ಇನ್ನೊಂದ್ ಪದ್ದತಿ ಅದೆ. ಮಟ್ಟಿಗೆ, ಅಂದ್ರೆ ಆ ಕೆಂಪ್ ಮಣ್ಣಿಗೆ ಇಳಿಯೋ ಮುಂಚೆ ಪೈಲ್ವಾನ ವಸ್ತಾದ್ರ ಮುಂದೆ ಬಗ್ಗಿ ನಿಲ್ಬೇಕು. ಅವ್ರು ಕುತ್ಗೆ, ಭುಜ, ಮಂಡಿ ಒತ್ತಿ ನೋಡಿ "ಇಳಿ" ಅನ್ಬೇಕು. ಅವ್ರು ಅನ್ನೋಗಂಟ ಯಾರೂ ಇಳಿಯಂಗಿಲ್ಲ, ಮೈಕಲ್ಲಿ ಹೆಸ್ರೂ ಕೂಗಂಗಿಲ್ಲ.

ಅವತ್ತು ವಸ್ತಾದ್ರು ಅವ್ನ ಬಲ ಭುಜದ ಮ್ಯಾಲೆ ಕೈ ಇಟ್ರು. ಇಟ್ಟೋರು ತಗೀಲೇ ಇಲ್ಲ. ಕಣ್ ಮುಚ್ಕಂಡು ಒತ್ತಿ ಒತ್ತಿ ನೋಡ್ತಾ ಇದ್ರು. ಮೈದಾನದಲ್ಲಿ ಖಾಲಿ ಕುರ್ಚೀನೇ ಜಾಸ್ತಿ. ಇದ್ದ ಜನ ಸಿಳ್ಳೆ ಹಾಕ್ತಾವ್ರೆ. ಫೋನಲ್ಲಿ "ಸುರು ಮಾಡ್ರಪ್ಪೋ" ಅಂತ ಕಾಮೆಂಟ್ ಮ್ಯಾಲೆ ಕಾಮೆಂಟು. ಮೈಕು ನನ್ ಕೈಲಿತ್ತು. ವಸ್ತಾದ್ರು ಇನ್ನೂ ಬಾಯೇ ಬುಟ್ಟಿರ್ಲಿಲ್ಲ, ನಾನು ಅವ್ನ ಹೆಸ್ರು ಕೂಗ್ಬುಟ್ಟೆ.

ಹೆಸ್ರು ಕೂಗಿದ್ಮೇಲೆ ಇಳೀದೆ ಇರಕ್ಕೆ ಆಯ್ತದಾ? ಸೋಲೋದಾದ್ರೂ ಆಯ್ತದೆ, ಅಂಜ್ಕಂಡ ಅನ್ನಿಸ್ಕಳಕ್ಕೆ ಆಗಾಕಿಲ್ಲ. ವಸ್ತಾದ್ರ ಕೈಯ ಅವ್ನೇ ಮೆಲ್ಲಗೆ ಭುಜದಿಂದ ತಗ್ದ. ಮಣ್ಣು ಮುಟ್ಟಿ ಹಣೆಗಿಟ್ಕಂಡು ಇಳ್ದ.

ಎದುರಾಳಿದು ಏನೂ ತಪ್ಪಿಲ್ಲ. ಒಳ್ಳೆ ಉಡ್ಗ, ನ್ಯಾಯವಾಗೇ ಆಡ್ದ. ಎತ್ತಿ ಹಾಕ್ದಾಗ ಇವ್ನ ಬಲಗೈ ಇವ್ನ ಮೈ ಕೆಳುಗೇ ಸಿಕ್ಕಂತು. ಹಸಿ ಜಾಲಿ ಕಡ್ಡಿ ಮುರಿದಂಗೆ ಸದ್ದು ಬಂತು. ಮೈಕ್ ಆನ್ ಆಗೇ ಇತ್ತಲ್ಲ, ಮೈದಾನಕ್ಕೆಲ್ಲ ಕೇಳುಸ್ತು.

ಅವ್ನ್ನ ಎತ್ಕಂಡ್ ಕಾರಿಗ್ ಹಾಕ್ತಿರ್ಬೇಕಾದ್ರೆ ನನ್ ಫೋನು ಟಿಣಿಟಿಣಿ ಅಂತಿತ್ತು. ಏನ್ ಅಂತ ನೋಡುದ್ರೆ ಕಾಮೆಂಟು. "ನಾಕ್ ನಿಮ್ಸಕ್ಕೇ ಮುಗೀತು, ನೂರೈವತ್ತು ವಾಪಸ್ ಕೊಡಿ." ಅದ್ರ ಕೆಳ್ಗೆ ನಗೋ ಬೊಂಬೆಗಳು. ಜನಾನ ಬೈಯಾಕಿಲ್ಲ ನಾನು. ಮಾರಿದೋನು ನಾನೇ ತಾನೆ?

ಮಂಡ್ಯದ ಆಸ್ಪತ್ರೇಲಿ ಡಾಕ್ಟ್ರು ಎಕ್ಸ್‌ರೇ ಫಿಲಂ ಬೆಳಕಿಗಿಡ್ದು ನೋಡಿ ಕೇಳುದ್ರು: "ಮದ್ಲೇ ನೋವಿತ್ತಾ ಇಲ್ಲಿ?"

ಅವ್ನು ಮಲಗಿದ್ದ ತಾವಿಂದ್ಲೇ ನನ್ ಮಖ ನೋಡ್ದ. "ಇಲ್ಲ ಸಾರ್. ಇವತ್ತೇ ಆಗಿದ್ದು," ಅಂದ.

ನಾನು ಬಾಯಿ ಬುಡ್ಬೇಕಿತ್ತು. ಬುಡ್ಲಿಲ್ಲ. ಕಮಿಟಿಯೋರು, ಅವ್ನ ಮನೆಯೋರು ಎಲ್ಲಾ ಅಲ್ಲೇ ನಿಂತಿದ್ರು. ಗೋಡೆ ನೋಡ್ಕಂಡ್ ನಿಂತ್ಕಂಡೆ. ಆಪರೇಷನ್ ಆಯ್ತು, ಕರ್ಚು ಕಮಿಟಿ ನೋಡ್ಕಂತು. ಆದ್ರೆ ಕೈ ಮೊದ್ಲಿನಂಗೆ ಆಗ್ಲಿಲ್ಲ. ಆ ಮ್ಯಾಲೆ ಒಂದ್ಸಲ ಅವ್ನ ತಾಯಿ ಮದ್ದೂರ್ ಸಂತೇಲಿ ಸಿಕ್ಕಿದ್ರು. ನನ್ನ ಬೈತಾರೆ ಅಂದ್ಕಂಡೆ. "ನಮಾಜಿಗೆ ನಿಂತ್ರೆ ಎರಡ್ ಕೈಯೂ ಕಿವಿ ತಂಕ ಎತ್ಬೇಕಲ್ಲಪ್ಪ," ಅಂದ್ರು, "ಒಂದ್ ಕೈ ಹೋಯ್ತದೆ, ಇನ್ನೊಂದು ಎದೆ ತಾವೇ ನಿಂತ್ಕತದೆ. ಅಲ್ಲಾ ನೋಡ್ಕತನೆ ಬುಡು." ಬೈದಿದ್ರೇ ಚೆನ್ನಾಗಿತ್ತು. ಅವತ್ತಿಂದ ಕಿರುಗಾವಲ ದಾರಿ ಬುಟ್ಟೆ.

ಹೋದ್ ತಿಂಗ್ಳು ಮಳವಳ್ಳಿ ಸ್ಟ್ಯಾಂಡಲ್ಲಿ ನನ್ನೆಂಡ್ರು ನನ್ ಕೇಳ್ದೆ ನ್ಯಾರ ಬಸ್ ಹತ್ತಿ ಸೀಟ್ ಹಿಡುದ್ಬುಟ್ಳು. ಹತ್ತಲೇ ಬೇಕಾಯ್ತು. ಕಿರುಗಾವಲಲ್ಲಿ ಟೀಗೆ ಅಂತ ಬಸ್ ನಿಂತಾಗ ತಲೆ ಬಗ್ಗುಸ್ಕಂಡು ಕುಂತಿದ್ದೆ.

"ಅಣ್ಣಾ! ಲೇ ಫ್ಲೆಕ್ಸಣ್ಣಾ! ಇಳಿಯಣ್ಣ ಕೆಳೀಕೆ!" ಅಂತ ರೋಡಾಚೆಯಿಂದ ಕೂಗು. ಎಡಗೈ ಬೀಸ್ತಾ ಅವ್ನೆ.

ಇಳ್ದೆ. ಶೆಡ್ಡಿಗೆ ಕರ್ಕಂಡೋಗಿ ಟೀ ತರ್ಸುದ. ಸ್ಟೂಲ್ ಮ್ಯಾಲೆ ಕುಂತ್ಕಂಡು, ಅಲ್ಲಿ ತಿರುಗ್ಸು ಇಲ್ಲಿ ಬಿಗಿ ಅಂತ ಅವ್ನ ಬಾಮೈದಂಗೆ ಹೇಳ್ತನೆ, ಕೆಲ್ಸ ಅವ್ನ್ ಮಾಡ್ತನೆ. ಪಕ್ಕದಲ್ಲಿ ಬಿಚ್ಚಿಟ್ಟಿದ್ದ ಎಂಜಿನ್ ಮ್ಯಾಲೆ ನೀರು ಬೀಳ್ದಿರ್ಲಿ ಅಂತ ನನ್ ಫ್ಲೆಕ್ಸ್ ಹೊದ್ಸವ್ನೆ. ಅದೇ ಫೋಟೊ.

"ನೋಡಣ್ಣ, ಮಳೆಗಾಲ ಪೂರ್ತಿ ನೆಂದದೆ, ಬಣ್ಣ ಬುಟ್ಟಿಲ್ಲ. ಒಳ್ಳೆ ಮಾಲ್ ಹಾಕಿದ್ದೀಯ," ಅಂದ. ಕುಟುಕು ಮಾತಲ್ಲ, ನಿಜವಾಗ್ಲೂ ಮೆಚ್ಕಂಡ್ ಹೇಳ್ದ.

ತಪ್ಪಾಯ್ತು ಅನ್ನೋಕ್ ಬಾಯ್ ತಗ್ದೆ. ಅಷ್ಟೊತ್ಗೆ ಅವ್ನೇ ಕೇಳ್ದ: "ಮತ್ ಯಾವಾಗಣ್ಣ ಕುಸ್ತಿ?"

"ಇನ್ಮೇಲೆ ವರ್ಸಕ್ಕೊಂದೇ ಕಣಪ್ಪ. ಟಿಕೆಟ್ಟೂ ಮದ್ಲಿನಂಗೆ ಐವತ್ತೇ. ವಸ್ತಾದ್ರ ಮಾತೇ ಕೊನೆ ಮಾತು."

"ಫೋನಿಗೆ?"

"ಫೋನಿಗೆ ಇಲ್ಲ. ಸಾಕು ಅದರ ಸವಾಸ."

ಲೋಟ ಕೆಳಗಿಟ್ಟ. "ಫೋನಿಗೆ ಬುಡಣ್ಣ. ಮೈದಾನಕ್ಕೆ ಬರಕ್ಕೆ ನನ್ ಕೈಲಿ ಆಗಾಕಿಲ್ಲ. ಆ ಮಣ್ಣಿನ್ ವಾಸ್ನೆ ಮೂಗಿಗ್ ಬಂದ್ರೆ ತಡ್ಯಾಕಾಗಾಕಿಲ್ಲ. ಇಲ್ಲೇ ಕುಂತ್ಕಂಡು ನೋಡ್ತೀನಿ. ದುಡ್ ಹಾಕ್ತೀನಿ ಕಣಣ್ಣ, ನೂರೈವತ್ತು ಅಲ್ವಾ?"

ನನ್ ಬಸ್ಸು ಹಾರ್ನ್ ಹೊಡೀತಿತ್ತು. ಆಯ್ತು ಬುಡ್ತೀನಿ ಅಂದೆ. ತಪ್ಪಾಯ್ತು ಅನ್ನೋದು ಬಾಯಲ್ಲೇ ಉಳ್ಕಂತು. ಬಸ್ಸಲ್ಲಿ ಎಂಡ್ರು ನನ್ ಮಖ ನೋಡಿ, ಕಣ್ಣೊರ್ಸ್ಕಳಕ್ಕೆ ಸೆರಗಿನ ತುದಿ ಕೊಟ್ಲು, ಅಷ್ಟೇಯ.

ಈಗ ವರ್ಸದ ಕುಸ್ತಿ ಹತ್ರ ಬತ್ತಾ ಅದೆ. ಈ ಸಲ ಫೋನಿಗೆ ಒಂದೇ ಒಂದ್ ಲಿಂಕ್ ಬುಡ್ತೀನಿ, ಅವ್ನಿಗೆ. ದುಡ್ ಬ್ಯಾಡ ಅಂದ್ರೆ ಅವ್ನಿಗೆ ನೋವಾಯ್ತದೆ, ಇಸ್ಕಂಡ್ರೆ ನಂಗೆ ಅನ್ನ ಗಂಟಲಲ್ಲಿ ಇಳಿಯಾಕಿಲ್ಲ. ಏನ್ ಮಾಡ್ಲಿ ಅಂತ ಗೊತ್ತಾಯ್ತಾ ಇಲ್ಲ. ನೀವ್ಯಾರಾದ್ರೂ ಇಂಗೆ ಒಬ್ಬನ್ನ "ಇದೊಂದ್ಸಲ" ಅಂತ ಎಳ್ದಿದ್ರೆ, ಇಲ್ಲಾ ನಿಮ್ಮನ್ನೇ ಯಾರಾದ್ರೂ ಎಳ್ದಿದ್ರೆ, ಕೆಳ್ಗೆ ಬರೀರಿ. ಆಮೇಲೆ ಅವ್ರ ಹತ್ರ ಎಂಗ್ ಮಾತಾಡುದ್ರಿ ಅನ್ನೋದ್ನೂ ಬರೀರಿ. ಒಂದೊಂದೂ ಓದ್ತೀನಿ.